ಉದ್ದಗಾಲಿನ ನೊಣಕ್ಕೊಂದು ಹೆಸರು

ಹೊಸ ಜೀವಿಗೆ ಯಾರ ಹೆಸರಿಡುತ್ತಾರೋ ಅವರಿಗೆ ಅದರ ಗುಣ ಬರುತ್ತಿತ್ತು. ಸಂಶೋಧನಾ ವಿದ್ಯಾರ್ಥಿನಿ ನೀಲಾಂಬಿಕಾ ಹುಡುಕಿದ ಮಿಂಚುಹುಳಕ್ಕೆ ತಮ್ಮ ಹೆಸರಿಟ್ಟುಕೊಂಡ ಪ್ರೊಫೆಸರ್ ಬೆಲ್ಲದ ಅಂದಿನಿಂದ ಸಭೆಗಳಲ್ಲಿ ಮಿನುಗುತ್ತಿದ್ದರು.

ಈಗ ಅವಳಿಗೆ ಉದ್ದಗಾಲಿನ ಹೊಸ ನೊಣ ಸಿಕ್ಕಿತ್ತು.

“ಇದಕ್ಕೂ ನಂದ ಹೆಸರಿಡವಾ. ಕುಳ್ಳ ಅಂತ ಮಂದಿ ನಗ್ತಾರ,” ಎಂದರು ಬೆಲ್ಲದ.

“ಆತ್ರೀ ಸರ,” ಎಂದು ಹಲ್ಲು ಕಚ್ಚಿ ಅವಳು ವಿವರಣೆ ಬರೆದುಕೊಟ್ಟಳು. ಅವರು ಕಾಲಿನ ಅಳತೆಯವರೆಗೆ ಓದಿ, ಸಾಕೆಂದು ಅಚ್ಚಿಗೆ ಕಳಿಸಿದರು. ಹೆಣ್ಣು ಒಪ್ಪಿ ತಲೆಯಾಡಿಸುವವರೆಗೆ ಗಂಡು ಅದರೆದುರು ಕಾಲೆತ್ತಿ ಕುಣಿಯುತ್ತಲೇ ಇರುತ್ತದೆಂಬ ಮಾತು ಆ ಅಳತೆಯ ಕೆಳಗಿತ್ತು.

ಅಚ್ಚಾದ ದಿನ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರವಾಗಿ ಪ್ರಯೋಗಾಲಯಕ್ಕೆ ಬಂದ ಬೆಲ್ಲದರ ಕಾಲು ನೀಲಾಂಬಿಕಾಳನ್ನು ಕಂಡ ಕೂಡಲೇ ತಾನಾಗಿ ಮೇಲೆದ್ದಿತು. ಅವರು ಕೈಲಿದ್ದ ಅಚ್ಚಿನ ಪ್ರತಿಯನ್ನು ಈ ಸಲ ಕೊನೆಯವರೆಗೂ ಓದಿದರು.

“ತಲಿ ಆಡಸವಾ, ಕೈ ಮುಗೀತೀನಿ!” ಎಂದು ಅವರು ಕುಣಿಯುತ್ತಲೇ ಬೇಡಿದರು.

“ಮಿಂಚುಹುಳ ಹುಡುಕಿದ್ದು ಯಾರ್ರೀ ಸರ?”

“ನೀನವಾ, ನೀನ!”

ನೀಲಾಂಬಿಕಾ ಕತ್ತು ಅಲುಗಿಸದೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.