ನಳ ಬಂದ್ ಮಾಡಿದ ಶಿವಕಾಂತಮ್ಮ

"ನಳ ಚಾಲೂ ಮಾಡ್ರಿ ಅಕ್ಕೋರ, ಆಮ್ಯಾಲ ಬಂದ್ ಮಾಡ್ರಿ. ಇಷ್ಟ ಕೆಲಸ," ಎಂದ ಆನಂದಕುಮಾರ, ಮೊಬೈಲನ್ನು ಅಡ್ಡ ಹಿಡಿದು.

"ನಳದಾಗ ನೀರಿಲ್ರಿ ಸಾಹೇಬ್ರ. ಬಂದು ಒಂಬತ್ತು ದಿನ ಆದ್ವು," ಎಂದಳು ಶಿವಕಾಂತಮ್ಮ.

ಆನಂದಕುಮಾರ ನೀರುಳಿತಾಯ ಅಭಿಯಾನದ ಸಂಯೋಜಕ. ಚಿತ್ತಾಪುರದ ಓಣಿಗಳನ್ನೆಲ್ಲ ಸುತ್ತಿ, ಅತಿ ಕಡಿಮೆ ನೀರಿನಲ್ಲಿ ಸಂಸಾರ ಮಾಡುವ ಗೃಹಿಣಿಯೆಂದು ಇವಳನ್ನು ಆರಿಸಿದ್ದ. ಆಯ್ಕೆ ತಪ್ಪೇನೂ ಆಗಿರಲಿಲ್ಲ. ಹಿಟ್ಟು ನಾದಿದ ಪರಾತ ತೊಳೆದ ನೀರು ಎಮ್ಮೆಗೆ, ಬಟ್ಟೆ ಹಿಂಡಿದ ನೀರು ಪಾಯಖಾನೆಗೆ, ಮಕ್ಕಳು ಅಂಗಳದ ಪರಸಿಗಲ್ಲಿನ ಮೇಲೆ ಕೂತು ಜಳಕ ಮಾಡಿದ ನೀರು ಬದನೆ ಗಿಡಕ್ಕೆ. ಗಂಡ ಬಚ್ಚಲಿನಿಂದ ಇನ್ನೊಂದು ತಂಬಿಗೆ ನೀರು ಕೇಳಿದರೆ ಶಿವಕಾಂತಮ್ಮ ಬಾಗಿಲಲ್ಲಿ ಬಂದು ನಿಂತು ನೋಡುತ್ತಿದ್ದಳು. ಅವನು ಕಿವಿಯಲ್ಲಿ ಸಾಬೂನು ಇರುವಾಗಲೇ ಟವೆಲ್ ಸುತ್ತಿಕೊಂಡು ಹೊರಗೆ ಬರುತ್ತಿದ್ದ.

"ಇವನ್ನೆಲ್ಲ ತಗೀರಲ್ರಿ ಫೋನಿನಾಗ," ಎಂದಳು.

"ಹೊಲಸು ನೀರು ಛಂದ ಕಾಣಂಗಿಲ್ರಿ. ನಳ ಬಂದ್ ಮಾಡೂದು ಬೇಕಂತ ಮ್ಯಾಲಿನವರು ಹೇಳ್ಯಾರ." ಅವನು ಆಗಲೇ ಯಾರಿಗೋ ಫೋನು ಹಚ್ಚಿದ್ದ.

ಅರ್ಧ ತಾಸಿನಲ್ಲಿ ಟ್ಯಾಂಕರ್ ಬಂದು ಬಾಗಿಲಿಗೆ ನಿಂತಿತು. ಡ್ರೈವರ್ ಬೀರೇಶ ಪೈಪನ್ನು ಮಾಳಿಗೆಯ ಮೇಲಿನ ಟಾಕಿಗೆ ಬಿಟ್ಟ. ಅಂಗಳದ ನಳಕ್ಕೆ ಆ ಟಾಕಿಯಿಂದಲೇ ನೀರು ಇಳಿಯುತ್ತಿತ್ತು.

"ಸಾಹೇಬ್ರ, ಇದು ಕೆಳಗಿನ ಓಣಿ ಪಾಳಿ," ಎಂದ ಬೀರೇಶ. "ಅಲ್ಲಿ ಹೆಣ್ಮಕ್ಕಳು ಮುಂಜಾನಿಂದ ಕೊಡ ಇಟ್ಕೊಂಡು ಕುಂತಾರ."

"ಅವರ ಸಲುವಾಗೇ ಮಾಡ್ಲಿಕತ್ತೀವೋ ತಮ್ಮಾ. ನೀರಿನ ಕಿಮ್ಮತ್ತು ಅವರಿಗೂ ತಿಳೀಬೇಕಲ್ಲ?"

ಮೊದಲ ಸಲ ಶಿವಕಾಂತಮ್ಮ ನಳ ತಿರುಗಿಸಿದವಳೇ ಕೆಳಗೆ ಕೊಡ ಸರಿಸಿದಳು. ಆನಂದಕುಮಾರ ಕೊಡ ತೆಗೆಸಿದ, ನೀರು ಪೋಲಾಗುವುದು ಕಾಣಬೇಕಂತೆ. ಎರಡನೇ ಸಲ ನೀರು ಪರಸಿ ಮುಟ್ಟುವ ಮೊದಲೇ ಅವಳ ಕೈ ನಳ ಬಂದ್ ಮಾಡಿತು.

"ಇಷ್ಟು ಜಲ್ದಿ ಅಲ್ರಿ. ಹತ್ತರ ತನಕ ಎಣಸ್ರಿ, ಆಮ್ಯಾಲ ಬಂದ್ ಮಾಡ್ರಿ."

ಅವಳು ಎಣಿಸಿದಳು. ಮೂರಕ್ಕೆ ಬಂದ್ ಮಾಡಿದಳು.

"ಹತ್ತು ಅಂದಿದ್ದೆಲ್ರಿ ಅಕ್ಕೋರ!"

"ಮುಂದಿನ ಅಂಕಿ ಬಾಯಾಗ ಬರವಲ್ದು ಸಾಹೇಬ್ರ."

ಆನಂದಕುಮಾರ ಉಸಿರು ಬಿಟ್ಟು, ಸೀರೆಯ ಬಣ್ಣ ಮಾಸಿದೆ, ಬೇರೆ ಉಟ್ಟು ಬರ್ರಿ ಎಂದು ಒಳಗೆ ಕಳಿಸಿದ. ಅವಳು ಅತ್ತ ಹೋದದ್ದೇ ತಡ, ತಾನೇ ನಳವನ್ನು ಪೂರ್ತಿ ತಿರುವಿ, ಮೊಬೈಲು ಹಿಡಿದು ಗೋಡೆಗೆ ಒರಗಿ ನಿಂತ. ನೀರು ಅಂಗಳ ತುಂಬಿ, ಹೊಸ್ತಿಲ ಸಂದಿಯಿಂದ ಚರಂಡಿಗೆ ಇಳಿಯಿತು. ಸದ್ದು ಕೇಳಿದ ಶಿವಕಾಂತಮ್ಮ ಸೆರಗು ಕೂಡ ಸರಿ ಮಾಡಿಕೊಳ್ಳದೆ ಓಡಿ ಬಂದಳು.

"ಯಾಂವಲೇ ಅಂವ ನಳ ಬಿಟ್ಟಾಂವ? ನಿಮ್ಮಪ್ಪನ ಮನಿ ನೀರೇನಲೇ ಇವು?"

ಎರಡೂ ಕೈಯಿಂದ ನಳ ತಿರುವಿ ಬಂದ್ ಮಾಡಿ ಅಲ್ಲಿಯೇ ಕುಸಿದು ಕೂತಳು. ಹರಿದು ಹೋಗುತ್ತಿದ್ದ ನೀರನ್ನು ಅಂಗೈಯಿಂದ ಹಿಂದಕ್ಕೆ ಬಳಿದಳು. ಬಳಿದಷ್ಟೂ ಅದು ಬೆರಳ ಸಂದಿಯಿಂದ ಹೋಯಿತು. ಅವಳಿಗೆ ಅಳು ಬಂತು.

ಬೈಸಿಕೊಂಡ ಆನಂದಕುಮಾರನಿಗೆ ಬೇಸರವಾಗಲಿಲ್ಲ. "ಒಂದ ನಂಬರ್ ಬಂತು ನೋಡ್ರಿ! ಕಣ್ಣಾಗ ನೀರು ಸೈತ ಬಂದಾವ. ಮಾತು ತಗದು ಹಾಡು ಹಾಕಿದ್ರ ಮುಗೀತು." ಅವಳ ಕೊರಳಿಗೆ ಶಾಲು ಹಾಕಿ, ಉಳಿದ ನೀರಿನ ಸಮೇತ ಟ್ಯಾಂಕರನ್ನು ಕರೆದುಕೊಂಡು ಗುಂಡಗುರ್ತಿಗೆ ಹೊರಟ. ಅಲ್ಲಿ ಮಳೆನೀರು ಹಿಡಿಯುವ ವಿಡಿಯೋ ತೆಗೆಯುವುದಿತ್ತು. ಮಳೆಗೆ ನೀರು ಬೇಕಾಗಿತ್ತು.

ಹೊತ್ತು ಮುಳುಗುವುದರೊಳಗೆ ಊರಿನ ಫೋನುಗಳಲ್ಲೆಲ್ಲ ಶಿವಕಾಂತಮ್ಮ ಓಡಿ ಬಂದು ನಳ ಬಂದ್ ಮಾಡುತ್ತಿದ್ದಳು. ಕೆಳಗೆ, 'ನಳ ಬಂದ್ ಮಾಡಿರಿ, ನಾಳೆಯನ್ನು ಉಳಿಸಿರಿ' ಎಂಬ ಅಕ್ಷರ. ಗಂಡ ನಾಲ್ಕು ಸಲ ನೋಡಿ, "ಛಲೋ ಕಾಣ್ಲಿಕತ್ತಿ," ಎಂದ. ಅವಳಿಗೂ ಒಂದು ಗಳಿಗೆ ಹಾಗೇ ಅನಿಸಿತು. ಆಮೇಲೆ ಕಣ್ಣು ಚರಂಡಿಗೆ ಇಳಿಯುತ್ತಿದ್ದ ನೀರಿನ ಮೇಲೆ ಹೋಯಿತು. ಅವಳು ಫೋನನ್ನು ಬೋರಲು ಹಾಕಿದಳು.

ಮರುದಿನ ಮುಂಜಾನೆ ಬಾಗಿಲು ತೆಗೆದರೆ, ಖಾಲಿ ಕೊಡ ಹಿಡಿದುಕೊಂಡು ಕೆಳಗಿನ ಓಣಿಯ ಏಳೆಂಟು ಹೆಂಗಸರು ನಿಂತಿದ್ದರು. ಮುಂದೆ ಮುದುಕಿ ಯಂಕಮ್ಮ.

"ನಮ್ಮ ಓಣಿಗಿ ನಿನ್ನಿ ಟ್ಯಾಂಕರ್ ಬರ್ಲಿಲ್ಲ ತಂಗಿ. ನಿಮ್ಮ ನಳದಾಗ ನೀರು ಬರ್ತಾವಂತಲ್ಲ, ಒಂದೊಂದು ಕೊಡ ಕೊಡು."

ಅವು ಅವರವೇ ನೀರು ಎಂಬುದು ಶಿವಕಾಂತಮ್ಮನಿಗೆ ಗೊತ್ತಿತ್ತು. ಪಕ್ಕಕ್ಕೆ ಸರಿದು ಎಲ್ಲರನ್ನೂ ಅಂಗಳಕ್ಕೆ ಕರೆದಳು. ತನ್ನ ಕೊಡವನ್ನು ಪಾಳಿಗೆ ಇಡದೆ, ಟಾಕಿಯಲ್ಲಿದ್ದುದನ್ನು ಒಬ್ಬೊಬ್ಬರಿಗೇ ಹಿಡಿದು ಕೊಟ್ಟಳು. ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಬಂದ ಯಂಕಮ್ಮನ ಕೊಡ ಅರ್ಧಕ್ಕೆ ಬರುವಷ್ಟರಲ್ಲಿ ಧಾರೆ ಸಣ್ಣಗಾಗಿ, ಹನಿಯಾಗಿ, ನಿಂತಿತು.

"ಮುಗಿದ್ವು ಯವ್ವಾ. ದೇವರಾಣೆ."

ಯಂಕಮ್ಮ ನಂಬಲಿಲ್ಲ. ಸಿಟ್ಟಿಗೂ ಏಳಲಿಲ್ಲ. ಅರ್ಧ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, ಹೆತ್ತ ಮಗಳಿಗೆ ಬುದ್ಧಿ ಹೇಳುವಂತೆ ಹೇಳಿದಳು:

"ಫೋನಿನಾಗ ನಾನೂ ನೋಡೀನಿ ತಂಗಿ. ಅಷ್ಟು ಛಂದ ಬರ್ಲಿಕತ್ತಿದ್ವು. ಬಂದ್ ಯಾಕ ಮಾಡಿದಿ?"