ಇಪ್ಪತ್ನಾಲ್ಕು ಹೆಬ್ಬೆಟ್ಟು

ಏಳನೆಯ ಹೆಬ್ಬೆಟ್ಟು ಅಜ್ಜನದಲ್ಲ.

ಅವನು ಮಸೂರವನ್ನು ಅಂಗಿಯ ತುದಿಗೆ ಒರೆಸಿ ಮತ್ತೆ ಹಿಡಿದ. ಸಂಶಯವೇ ಇಲ್ಲ. ಮೊದಲ ಆರು ಗೇಣಿ ಪತ್ರಗಳಲ್ಲಿ ಹೆಬ್ಬೆಟ್ಟಿನ ಗೆರೆಗಳು ನೀರಿನ ಸುಳಿಯಂತೆ ಸುತ್ತಿದ್ದವು. ಏಳನೆಯದರಿಂದ ಇಪ್ಪತ್ನಾಲ್ಕನೆಯದರವರೆಗೆ ಕಮಾನಿನಂತೆ ಬಾಗಿದ್ದವು, ಕಮಾನಿನ ನೆತ್ತಿಯಲ್ಲಿ ಒಂದು ಗೆರೆ ಕವಲೊಡೆದಿತ್ತು. ಹೆಸರು ಮಾತ್ರ ಎಲ್ಲದರಲ್ಲೂ ಅಜ್ಜನದೇ.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸಹಿ, ಹೆಬ್ಬೆಟ್ಟು ತಾಳೆ ನೋಡಿದವನು ಅವನು. ಜೊತೆಯವರು ಇಟ್ಟ ಹೆಸರು ಭೂತಗನ್ನಡಿ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ವಂಶದ ಚರಿತ್ರೆ ಬರೆಯಲು ಹೊರಟಿದ್ದ. ದಾಖಲೆ ಕಚೇರಿಗೆ ಎಂಟು ತಿಂಗಳು ಎಡತಾಕಿ, ಅಲ್ಲಿನ ಧೂಳನ್ನೆಲ್ಲ ಮೂಗಿಗೇರಿಸಿಕೊಂಡು, ಈ ಪತ್ರಗಳ ನಕಲು ತಂದಿದ್ದ. ಹುಡುಕಿದ್ದು ಒಬ್ಬ ರೈತನನ್ನು, ಸಿಕ್ಕಿದ್ದು ಇಬ್ಬರು.

ಪತ್ರದ ಷರತ್ತುಗಳನ್ನು ಅವನು ಬಾಯಿಪಾಠ ಮಾಡಿದ್ದ. ಗೇಣಿದಾರ ಪ್ರತಿವರ್ಷ ಹೆಬ್ಬೆಟ್ಟು ಒತ್ತಬೇಕು. ಅವನ ಹೆಂಡತಿ ಸಾಕ್ಷಿಯಾಗಿ ಪಕ್ಕದಲ್ಲಿ ಒತ್ತಬೇಕು. ಗೇಣಿದಾರ ಸತ್ತಾಗ ಹದಿನೆಂಟು ತುಂಬಿದ ಮಗನಿಲ್ಲದಿದ್ದರೆ ಹೊಲ ಒಡೆಯರಿಗೆ ಮರಳಬೇಕು. ಇಪ್ಪತ್ನಾಲ್ಕು ಪತ್ರಗಳಲ್ಲೂ ಅಜ್ಜಿಯ ಹೆಬ್ಬೆಟ್ಟು ಒಂದೇ. ಅವನ ಎದೆ ಧಸಕ್ಕೆಂದದ್ದು ಅದನ್ನು ನೋಡಿ. ಪಕ್ಕದಲ್ಲಿ ಒತ್ತುತ್ತಿರುವವನು ತನ್ನ ಗಂಡನಲ್ಲ ಎಂದು ಅಜ್ಜಿಗೆ ಗೊತ್ತಿತ್ತು.

ಒಂದಕ್ಕೊಂದು ಕೂಡಿಸುತ್ತ ಹೋದಂತೆ ಅವನ ನಿದ್ದೆ ಹಾರಿತು. ಹೊಲ ಊರಿಂದ ಬಲು ದೂರ, ಗುಡ್ಡದ ಮರೆಯಲ್ಲಿ, ಹೊಲದ ನಡುವೆಯೇ ಮನೆ. ಒಡೆಯರ ಗುಮಾಸ್ತ ಪತ್ರವನ್ನು ಬಾಗಿಲಲ್ಲಿ ಕೊಟ್ಟು, ಮರುದಿನ ಬಂದು ಒಯ್ಯುತ್ತಿದ್ದ. ಆ ಹದಿನೆಂಟು ವರ್ಷಗಳಲ್ಲಿ ಅಜ್ಜನ ಮುಖ ಕಂಡವರು ಊರಲ್ಲಿ ಒಬ್ಬರೂ ಇಲ್ಲ. ‘ಮಹಾ ಒರಟನಂತೆ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವಂತೆ’ ಎನ್ನುತ್ತಾರೆ ಹಳಬರು. ಮುಖ ತೋರಿಸಿದರೆ ಬಣ್ಣ ಬಯಲಾಗುತ್ತಿತ್ತಲ್ಲ! ಯಾರೋ ಅಜ್ಜನನ್ನು ಕೊಂದು, ಅಜ್ಜಿಯ ಜೊತೆ ಸೇರಿ, ಅಜ್ಜನ ಹೆಸರಲ್ಲಿ ಬದುಕಿದ್ದ.

ಇನ್ನೊಂದು ವಿಷಯ. ಏಳನೆಯ ಪತ್ರದ ಗುರುತು ಬಹಳ ಚಿಕ್ಕದು, ಬೆರಳ ತುದಿಯನ್ನಷ್ಟೇ ಸೋಕಿಸಿದಂತಿತ್ತು. ಮುಂದಿನ ವರ್ಷಗಳಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಅಗಲವಾಗಿತ್ತು. ಅವನು ಇಂಥವರನ್ನು ಬ್ಯಾಂಕಿನಲ್ಲಿ ಬೇಕಾದಷ್ಟು ಕಂಡಿದ್ದ. ಮೊದಲ ಸಲ ಮೋಸ ಮಾಡುವಾಗ ಬೆರಳು ಅಳುಕುತ್ತದೆ. ದಕ್ಕಿತು ಎಂದಾದ ಮೇಲೆ ಪೂರ್ತಿ ಕೂರುತ್ತದೆ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಆದರೆ ಅಪ್ಪ ಹುಟ್ಟಿದ್ದು ಹೆಬ್ಬೆಟ್ಟು ಬದಲಾದ ವರ್ಷವೇ. ಆ ಕೊಲೆಗಾರನ ಮಗನೇ ಅಪ್ಪ? ತಾನು ಯಾರ ಮೊಮ್ಮಗ? ಅರವತ್ತು ದಾಟಿದ ಮನುಷ್ಯ ಕನ್ನಡಿಯ ಮುಂದೆ ನಿಂತು ತನ್ನ ಮೂಗನ್ನು ಸಂಶಯದಿಂದ ನೋಡತೊಡಗಿದ. ಯಾವುದೋ ಗುರುತಿಲ್ಲದ ರಕ್ತ ಮೈಯಲ್ಲಿ ಹರಿಯುತ್ತಿದೆ ಎನಿಸಿ ಅಸಹ್ಯವಾಯಿತು.

ಉಳಿದಿದ್ದ ಸಾಕ್ಷಿ ಒಬ್ಬಳೇ, ಅಪ್ಪನ ಅಕ್ಕ. ಮದುವೆಯಾಗದೆ ಆ ಮನೆಯಲ್ಲೇ ಉಳಿದು, ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು. ತೊಂಬತ್ತಾದರೂ ಎಲ್ಲ ಕಾಗದಕ್ಕೂ ತಾನೇ ರುಜು ಹಾಕುವ ಗಟ್ಟಿಗಿತ್ತಿ. ಕಿಟಕಿಯ ಪಕ್ಕ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

ಅವನು ಮಸೂರವನ್ನೂ ಬ್ಯಾಂಕಿನ ಕಾಲದ ಇಂಕ್ ಪ್ಯಾಡನ್ನೂ ಮೇಜಿನ ಮೇಲಿಟ್ಟು, ಪತ್ರಗಳನ್ನು ಅವಳ ಮುಂದೆ ಹರಡಿದ.

“ಅತ್ತೆ, ಇದು ಅಜ್ಜನ ಬೆರಳಲ್ಲ.”

ಅತ್ತೆಯ ಕೈ ನಿಂತಿತು. “ಎಂಬತ್ತೊಂದು ವರ್ಷ ಆಯ್ತಲ್ಲೋ. ಈಗ ಕೆದಕಿ ಏನು ಮಾಡ್ತೀಯ?”

“ಪುಸ್ತಕದಲ್ಲಿ ಬರೀತೀನಿ. ಸತ್ಯ ಎಷ್ಟೇ ಹೊಲಸಾಗಿರಲಿ, ಬರೀತೀನಿ. ಅಜ್ಜನನ್ನ ಯಾರು ಕೊಂದರು?”

“ಯಾರೂ ಕೊಲ್ಲಲಿಲ್ಲ ಕಣೋ. ಜ್ವರ ಬಂತು, ಮೂರೇ ದಿನಕ್ಕೆ ಹೋದ್ರು. ಅಮ್ಮ ಬಸುರಿ.” ಅತ್ತೆ ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗೆ ಹಾಕಿದಳು. “ಗಟ್ಟಿಯಾಗಿ ಅಳೋಕೂ ಬಿಡಲಿಲ್ಲ ಅಮ್ಮ. ಬಾಯಿಗೆ ಸೆರಗು ತುರುಕಿದ್ಲು.”

ಅಪ್ಪ ಅಜ್ಜನ ಮಗನೇ. ಆದರೆ ಭೂತಗನ್ನಡಿ ಅಷ್ಟಕ್ಕೆ ಬಿಡುವ ಪೈಕಿಯಲ್ಲ.

“ಸಾವನ್ನ ಮುಚ್ಚಿಟ್ಟಿರಿ. ದಾಖಲೆಯಲ್ಲಿ ಅಜ್ಜ ಸತ್ತಿದ್ದು ಅಪ್ಪನಿಗೆ ಹದಿನೆಂಟು ತುಂಬಿದ ತಿಂಗಳು. ಅಲ್ಲೀವರೆಗೆ ಅಜ್ಜನ ಹೆಸರಲ್ಲಿ ಮೆರೆದ ಆ ಮನುಷ್ಯ ಯಾರು? ಅಜ್ಜಿ ಅವನನ್ನ ಎಲ್ಲಿಂದ ಕರ್ಕೊಂಡು ಬಂದ್ಲು?”

“ಎಲ್ಲಿಂದಲೂ ಇಲ್ಲ. ಮನೇಲೇ ಇದ್ದದ್ದು.”

“ಮನೆಯೊಳಗೇ! ನಾಚಿಕೆಯಾಗಲಿಲ್ಲವಾ ಅವನಿಗೆ?”

“ಭಯ ಆಗ್ತಿತ್ತು. ಪ್ರತಿವರ್ಷ. ಗುಮಾಸ್ತ ಪತ್ರ ತಗೊಂಡು ಗುಡ್ಡ ದಾಟೋ ತನಕ ಒಂದು ತುತ್ತು ಇಳೀತಿರಲಿಲ್ಲ.”

“ಅವನ ಪರ ವಹಿಸ್ತೀಯಾ ಅತ್ತೆ? ಅವನು ನಿನಗೆ ಏನಾಗಬೇಕಿತ್ತು?”

ಅತ್ತೆ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದಳು. ನಿನ್ನಪ್ಪನಿಗೂ ಹೇಳಿದ್ದಿಲ್ಲ, ಅಮ್ಮನಿಗೆ ಮಾತು ಕೊಟ್ಟಿದ್ದೆ, ಎಂದು ಗೊಣಗಿದಳು. ಆಮೇಲೆ ಮೇಜಿನ ಮೇಲಿದ್ದ ಅವನ ಇಂಕ್ ಪ್ಯಾಡನ್ನು ತೋರಿಸಿ, “ಅದನ್ನ ಇಲ್ಲಿ ತಾ” ಎಂದಳು.

ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಹಾಳೆಯ ಮೇಲಿಟ್ಟು, ಎಡದಿಂದ ಬಲಕ್ಕೆ ಹೊರಳಿಸಿ ಎತ್ತಿದಳು. ಮಸಿ ಒಂದಿಷ್ಟೂ ಹರಡಲಿಲ್ಲ. ಪಳಗಿದ ಕೈ.

ಅವನು ಮಸೂರ ಹಿಡಿದ. ಗೆರೆಗಳು ಸವೆದಿದ್ದವು. ಆದರೂ ಕಮಾನು ಕಾಣುತ್ತಿತ್ತು. ನೆತ್ತಿಯಲ್ಲಿ ಕವಲೂ ಇತ್ತು.

ಹದಿನೆಂಟು ವರ್ಷ ಅಜ್ಜನಾಗಿ ಹೊಲ ಉಳಿಸಿದ ಆ ಕೊಲೆಗಾರನಿಗೆ, ಮೊದಲ ಸಲ ಹೆಬ್ಬೆಟ್ಟು ಒತ್ತಿದ ದಿನ, ಒಂಬತ್ತು ವರ್ಷ.