ಮುದ್ದಪ್ಪನ ಜೀಪಿಗೆ ಹೊಸ ಸ್ಪ್ರಿಂಗು

ಗುಡ್ಡದ ಮೇಲಿನ ಆ ಊರಿಗೆ ಹತ್ತುವ ಗಾಡಿ ಅಂದರೆ ಮುದ್ದಪ್ಪನ ಜೀಪು ಒಂದೇ. ಹೋದ ವರ್ಷ ರಸ್ತೆಗೆ ರಿಪೇರಿ ಬೇಕೋ ಎಂದು ನೋಡಲು ಬಂದಿದ್ದ ಇಂಜಿನಿಯರ್ ಸಾಹೇಬರು ಅದರ ಕುಲುಕಾಟ ತಾಳಲಾರದೆ ಸೊಂಟ ಹಿಡಿದುಕೊಂಡು ಅರ್ಧ ದಾರಿಯಲ್ಲೇ ಇಳಿದು ವಾಪಸಾಗಿದ್ದರು. ಆಮೇಲೆ ಮುದ್ದಪ್ಪನ ಸೊಸೆ ಅದೇ ಗುಂಡಿಗಳ ನಡುವೆ ಜೀಪಿನಲ್ಲೇ ಹೆತ್ತಳು.

“ಮುದ್ದಪ್ಪಣ್ಣ, ಸಾಹೇಬರು ಮತ್ತೆ ಬರ್ತಾರಂತೆ. ಈ ಸಲ ಅವರನ್ನ ಹೇಗಾದ್ರೂ ಮೇಲಿನ ತನಕ ಕರ್ಕೊಂಡು ಬಾ,” ಎಂದಿದ್ದರು ಪಂಚಾಯ್ತಿ ಅಧ್ಯಕ್ಷೆ ಶಾರದಕ್ಕ. ಮುದ್ದಪ್ಪ ಪೇಟೆಗೆ ಹೋಗಿ ಜೀಪಿಗೆ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಹಾಕಿಸಿಕೊಂಡು ಬಂದ.

ಸಾಹೇಬರು ಬಂದರು, ಹತ್ತಿ ಕೂತರು. ಮೊದಲ ತಿರುವಿನಲ್ಲೇ ಅವರಿಗೆ ಜೊಂಪು ಹತ್ತಿತು. ಊರು ಬಂದಾಗ ತಟ್ಟಿ ಎಬ್ಬಿಸಬೇಕಾಯಿತು.

“ರಸ್ತೆ ಚೆನ್ನಾಗೇ ಇದೆಯಲ್ರೀ,” ಎಂದರು ಕಣ್ಣುಜ್ಜಿಕೊಳ್ಳುತ್ತ.

ಮುದ್ದಪ್ಪ ಜೀಪಿನಿಂದ ಧುಮುಕಿ ಇಳಿದ. “ಚೆನ್ನಾಗಿರೋದು ರಸ್ತೆಯಲ್ಲ ಸಾರ್, ಜೀಪು. ನೀವು ಬರ್ತೀರಿ ಅಂತ ಕೆಳಗಡೆ ಎಲ್ಲ ಹೊಸದು ಹಾಕಿಸಿದ್ದೀನಿ. ಬೇಕಾದ್ರೆ ಬಗ್ಗಿ ನೋಡಿ.”

ಸಾಹೇಬರು ನಿಜವಾಗಿಯೂ ಮಂಡಿಯೂರಿ, ಜೀಪಿನಡಿ ತಲೆ ಹಾಕಿ ಸಾವಕಾಶವಾಗಿ ನೋಡಿದರು. ಎದ್ದು ಕೈಯ ಧೂಳು ಕೊಡವಿಕೊಂಡು ಮುದ್ದಪ್ಪನ ಬೆನ್ನು ತಟ್ಟಿದರು.

“ಹಾಗಾದ್ರೆ ರಿಪೇರಿ ಆಗೇ ಹೋಯ್ತಲ್ಲ,” ಎಂದರು.